ಅವನ ಹೆಂಡತಿ ಏನಂದಳು?

ಚರ್ಚಿಗೆ ಹೋಗುವವರಿಗೆಲ್ಲ ಈ ದೃಶ್ಯ ಗೊತ್ತಿರುತ್ತದೆ. ಹಾಡು ಶುರುವಾಗುವ ಮೊದಲು ಒಬ್ಬರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಈ ಹಾಡಿನ ಹಿಂದೆ ಒಂದು ಕಥೆ ಇದೆ" ಅನ್ನುತ್ತಾರೆ. ಕೀಬೋರ್ಡ್ ನುಡಿಸುವ ಹುಡುಗ ಕೈಕಟ್ಟಿ ಕೂರುತ್ತಾನೆ. ಮಕ್ಕಳು ಕೂಡ ಗಲಾಟೆ ನಿಲ್ಲಿಸುತ್ತಾರೆ. ಪ್ರಸಂಗಕ್ಕೆ ನಿದ್ದೆ ಮಾಡುವವರು ಕಥೆಗೆ ಮಾತ್ರ ನೆಟ್ಟಗೆ ಕೂರುತ್ತಾರೆ :)

ನಮ್ಮ ಸಭೆಯಲ್ಲಿ ಹೀಗೆ ಎದ್ದು ನಿಲ್ಲುವವನು ಬಹಳ ವರ್ಷಗಳಿಂದ ನಾನೇ. ಇಂಜಿನಿಯರಿಂಗ್ ಓದಿದ ಹುಡುಗ, ಇಂಟರ್ನೆಟ್ಟಿನಲ್ಲಿ ಹುಡುಕಿ ಏನಾದರೂ ತರುತ್ತಾನೆ ಅಂತ ಹಿರಿಯರಿಗೆ ನಂಬಿಕೆ. ನಿಜ ಹೇಳಬೇಕೆಂದರೆ ನಾನು ಹುಡುಕುತ್ತಿರಲಿಲ್ಲ, ಫಾರ್ವರ್ಡ್ ಬಂದದ್ದನ್ನು ಓದುತ್ತಿದ್ದೆ. ಅಂಥ ಕಥೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುವುದು 'ಇಟ್ ಈಸ್ ವೆಲ್ ವಿತ್ ಮೈ ಸೋಲ್' ಹಾಡಿನದು. ಷಿಕಾಗೋದ ಶ್ರೀಮಂತ ವಕೀಲ ಹೊರೇಷಿಯೋ ಸ್ಪಾಫರ್ಡ್. ಮೊದಲು ಮಗ ಸತ್ತ. ಆಮೇಲೆ ಊರಿಗೆ ಬೆಂಕಿ ಬಿದ್ದು ಆಸ್ತಿ ಹೋಯಿತು. ಆಮೇಲೆ ಹಡಗು ಮುಳುಗಿ ನಾಲ್ಕೂ ಹೆಣ್ಣುಮಕ್ಕಳು ಹೋದರು. ಹೆಂಡತಿಯನ್ನು ಕರೆತರಲು ಹೊರಟವನು ಮಕ್ಕಳು ಮುಳುಗಿದ ಜಾಗ ಬಂದಾಗ ಡೆಕ್ಕಿನ ಮೇಲೆ ನಿಂತು, ನನ್ನ ಆತ್ಮಕ್ಕೆ ಎಲ್ಲವೂ ಕ್ಷೇಮ ಅಂತ ಹಾಡು ಬರೆದ. ಇಷ್ಟು ಹೇಳಿ ಕೂತರೆ ಸಾಕು, ಮುಂದಿನ ಸಾಲಿನಲ್ಲಿ ಕರ್ಚೀಫುಗಳು ಹೊರಬರುತ್ತವೆ.

ಎರಡು ವರ್ಷದ ಹಿಂದೆ ಈ ಕಥೆಯನ್ನು ನಾನು ಹಾಸನದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹೇಳಿದೆ. ಮಳೆಗಾಲದ ಒಂದು ರಾತ್ರಿ ಅವರ ಒಬ್ಬನೇ ಮಗ ಬೈಕಿನಲ್ಲಿ ಹೋಗುತ್ತಾ ತೀರಿಕೊಂಡಿದ್ದ. ಇಪ್ಪತ್ತೆರಡು ವರ್ಷ. ಮಣ್ಣು ಮಾಡಿ ಹತ್ತು ದಿನಕ್ಕೆ ಆದರಣೆ ಕೂಟ. ಅಯ್ಯನವರು ಪ್ರಾರ್ಥನೆ ಮಾಡಿದ ಮೇಲೆ ನನ್ನ ಕಡೆ ನೋಡಿದರು. ನಾನು ಎದ್ದು ಅದೇ ಕಥೆ ಹೇಳಿದೆ. ಎರಡು ವಾರದೊಳಗೆ ಆ ತಂದೆ ಹೀಗೆ ಬರೆಯಬಲ್ಲವನಾದ ಅಂತ ಒತ್ತಿ ಹೇಳಿದೆ. ಎಲ್ಲರೂ ಹಾಡಿದೆವು.

ಚಿಕ್ಕಮ್ಮ ಹಾಡಲಿಲ್ಲ. ಎಲ್ಲರಿಗೂ ಕಾಫಿ ಕೊಟ್ಟರು. ನಾನು ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲಿಗೆ ಒರಗಿ ನಿಂತು ಒಂದೇ ಮಾತು ಕೇಳಿದರು.

"ಅವನು ಹಾಡು ಬರೆದ, ಸರಿ. ಅವನ ಹೆಂಡ್ತಿ ಏನಂದ್ಲು ಮಗಾ?"

ನನಗೆ ಗೊತ್ತಿರಲಿಲ್ಲ. ಆ ಹೆಂಗಸಿನ ಹೆಸರು ಕೂಡ ಗೊತ್ತಿರಲಿಲ್ಲ. ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ಆ ಪ್ರಶ್ನೆ ಬಿಡಲಿಲ್ಲ. ನಾನು ಹೇಳಿದ್ದು ಸಮಾಧಾನವೋ, ಅಥವಾ "ನೋಡಿ, ಅವನಿಂದ ಆಯಿತು, ನಿಮ್ಮಿಂದ ಯಾಕೆ ಆಗಲ್ಲ" ಅನ್ನುವ ಲೆಕ್ಕವೋ?

ಹುಡುಕಲು ಕೂತೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸ್ಪಾಫರ್ಡ್ ಕುಟುಂಬದ ಕಾಗದಪತ್ರಗಳಿವೆ, ಎಷ್ಟೋ ಭಾಗವನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ಆಫೀಸಿನಲ್ಲಿ ಸರ್ವರ್ ಬಿದ್ದಾಗ ಮಾಡುವ ಕೆಲಸವನ್ನೇ ಮಾಡಿದೆ: ದಿನಾಂಕಗಳನ್ನು ಸಾಲಾಗಿ ಬರೆದೆ. ಬರೆದ ತಕ್ಷಣ ಬಗ್ ಸಿಕ್ಕಿತು. ಬೆಂಕಿ ಬಿದ್ದದ್ದು 1871ರ ಅಕ್ಟೋಬರ್. ಹಡಗು ಮುಳುಗಿದ್ದು 1873ರ ನವೆಂಬರ್. ಮಗ ಸತ್ತದ್ದು 1880ರಲ್ಲಿ, ಸ್ಕಾರ್ಲೆಟ್ ಜ್ವರದಿಂದ. ಅಂದರೆ ಹಡಗು ಮುಳುಗಿದಾಗ ಆ ಮಗು ಹುಟ್ಟಿಯೇ ಇರಲಿಲ್ಲ! ಕಥೆ ಹೇಳುವವರು ದುಃಖವನ್ನು ಚೆನ್ನಾಗಿ ಜೋಡಿಸಲು ಅವನನ್ನು ಎತ್ತಿ ಮೊದಲಿಗೆ ಇಟ್ಟುಬಿಟ್ಟಿದ್ದಾರೆ. ಹಾಡು ಕೊನೆಗೆ ಬರಬೇಕಲ್ಲ, ಅದರ ನಂತರ ಇನ್ನೊಂದು ಸಾವು ಇದ್ದರೆ ಕಥೆ ಕೆಟ್ಟುಹೋಗುತ್ತದೆ.

ಹೆಂಡತಿಯ ಹೆಸರು ಆನ್ನಾ. 1873ರ ನವೆಂಬರ್ 15ರಂದು ನ್ಯೂಯಾರ್ಕಿನಿಂದ 'ವಿಲ್ ದು ಆವ್ರ್' ಅನ್ನುವ ಫ್ರೆಂಚ್ ಹಡಗು ಹತ್ತಿದಳು. ಜೊತೆಗೆ ಆನಿ, ಮ್ಯಾಗಿ, ಬೆಸ್ಸಿ, ಟನೆಟ್ಟಾ. ದೊಡ್ಡವಳಿಗೆ 11, ಚಿಕ್ಕವಳಿಗೆ 2. ಗಂಡ ವ್ಯವಹಾರದ ಕೆಲಸ ಮುಗಿಸಿ ಆಮೇಲೆ ಬರುವುದೆಂದು ಮಾತಾಗಿತ್ತು. 22ರ ಬೆಳಗಿನ ಜಾವ ಎರಡು ಗಂಟೆ ಸುಮಾರಿಗೆ ಅಟ್ಲಾಂಟಿಕ್ಕಿನ ಮಧ್ಯೆ 'ಲಾಖ್ ಅರ್ನ್' ಅನ್ನುವ ಕಬ್ಬಿಣದ ಹಾಯಿಹಡಗಿಗೆ ಡಿಕ್ಕಿಯಾಯಿತು. ಹನ್ನೆರಡು ನಿಮಿಷಕ್ಕೆ ಹಡಗು ಇಲ್ಲ. 226 ಜನ ಹೋದರು. ನೀರಿನ ಹೊಡೆತ ಕೈಯಲ್ಲಿದ್ದ ಕೂಸನ್ನು ಕಿತ್ತುಕೊಂಡಿತು. ಮರದ ಹಲಗೆಯ ಮೇಲೆ ಎಚ್ಚರ ತಪ್ಪಿ ತೇಲುತ್ತಿದ್ದ ಆನ್ನಾಳನ್ನು ಎತ್ತಿಕೊಂಡರು.

ಬದುಕಿದವರನ್ನು ಇನ್ನೊಂದು ಹಡಗು ವೇಲ್ಸಿನ ಕಾರ್ಡಿಫ್ ಬಂದರಿಗೆ ಮುಟ್ಟಿಸಿತು. ಅಲ್ಲಿಂದ ಅವಳು ಗಂಡನಿಗೆ ತಂತಿ ಕಳಿಸಿದಳು. ಆ ತಂತಿ ಈಗಲೂ ಇದೆ, ನಾನು ಅದರ ಚಿತ್ರ ನೋಡಿದೆ. ಮೊದಲ ಎರಡು ಪದ ನಮ್ಮ ಫಾರ್ವರ್ಡುಗಳಲ್ಲೂ ಬರುತ್ತವೆ: ಉಳಿದವಳು ನಾನೊಬ್ಬಳೇ. ಅದರ ಪಕ್ಕದಲ್ಲೇ ಇರುವ ಮಾತು ಬರುವುದಿಲ್ಲ: ನಾನೇನು ಮಾಡಲಿ?

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಅಷ್ಟೇ. ಅವಳು ಕ್ಷೇಮ ಅನ್ನಲಿಲ್ಲ, ಏನು ಮಾಡಲಿ ಅಂತ ಕೇಳಿದಳು. ನಾವು ಅದನ್ನು ಕತ್ತರಿಸಿ ಎಸೆದು ಮುಂದಕ್ಕೆ ಹೋಗಿಬಿಟ್ಟಿದ್ದೇವೆ.

ಇನ್ನು ಗಂಡ. ಅವನು ಹಡಗು ಹತ್ತಿದ್ದು ನಿಜ. ಆ ಜಾಗ ದಾಟಿದ್ದೂ ನಿಜ. ಹೆಂಡತಿಯ ಸಹೋದರಿಗೆ ಬರೆದ ಕಾಗದದಲ್ಲಿ, ಗುರುವಾರ ಆ ಸ್ಥಳ ದಾಟಿದೆವು, ನೀರು ಮೂರು ಮೈಲಿ ಆಳ, ಆದರೆ ನಮ್ಮ ಮಕ್ಕಳು ಅಲ್ಲಿದ್ದಾರೆ ಅಂತ ನಾನು ಅಂದುಕೊಳ್ಳುವುದಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಹಾಡು ಅಲ್ಲೇ ಹುಟ್ಟಿತು ಅಂತ ಹೇಳಿದವಳು ಅವನ ಮಗಳು ಬರ್ಥಾ, ಆಕೆ ಹುಟ್ಟಿದ್ದು 1878ರಲ್ಲಿ. ಆದರೆ ಆ ಕಾಲದ ದೊಡ್ಡ ಗಾಯಕ ಐರಾ ಸ್ಯಾಂಕಿ ಬರೆದಿರುವುದು ಬೇರೆ. 1876ರಲ್ಲಿ ತಾನು ಷಿಕಾಗೋದಲ್ಲಿ ಸ್ಪಾಫರ್ಡರ ಮನೆಯಲ್ಲಿ ಕೆಲವು ವಾರ ಇದ್ದಾಗ, ಸತ್ತ ಮಕ್ಕಳ ನೆನಪಿಗೆ ಅವರು ಇದನ್ನು ಬರೆದರು ಅನ್ನುತ್ತಾನೆ. ಹಸ್ತಪ್ರತಿ ಇರುವ ಕಾಗದದ ಮೇಲೆ ಷಿಕಾಗೋದ ಬ್ರೆವೂರ್ಟ್ ಹೌಸ್ ಅನ್ನುವ ಹೋಟೆಲಿನ ಹೆಸರು ಅಚ್ಚಾಗಿದೆ. ನನ್ನ ಮನಸ್ಸು ಸ್ಯಾಂಕಿಯ ಕಡೆಗೇ ವಾಲುತ್ತದೆ. ಎರಡು ವಾರಕ್ಕೂ ಮೂರು ವರ್ಷಕ್ಕೂ ನಡುವೆ ಎಷ್ಟು ರಾತ್ರಿಗಳಿವೆ ಅಂತ ಲೆಕ್ಕ ಹಾಕಿ ನೋಡಿ. ಹತ್ತನೇ ದಿನದ ಮನೆಯಲ್ಲಿ ನಿಂತು ನಾನು ಹೇಳಿದ್ದು ಎರಡು ವಾರ ಅಂತ.

ಆ ಹಸ್ತಪ್ರತಿಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಏನೇ ಬಂದರೂ ಕ್ಷೇಮ ಅಂತ ದೇವರು ತನಗೆ ಕಲಿಸಿದ್ದಾನೆ ಅನ್ನುವ ಕಡೆ ಸ್ಪಾಫರ್ಡ್ ಮೊದಲು ಬರೆದದ್ದು 'ತಿಳಿಯಲು' ಅನ್ನುವ ಅರ್ಥದ ಪದ. ಈಗ ನಾವೆಲ್ಲ ಹಾಡುವುದು 'ಹೇಳಲು' ಅಂತ. ಕ್ಷೇಮ ಅಂತ ತಿಳಿಯುವುದು ಬೇರೆ, ಹೇಳುವುದು ಬೇರೆ. ನಮ್ಮ ಅಜ್ಜನ ಕಾಲದ ಕಾಗದಗಳು ನೆನಪಿವೆಯಾ? ಒಳಗೆ ಎಂಥ ಕೆಟ್ಟ ಸುದ್ದಿ ಇದ್ದರೂ ಮೇಲೆ "ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ" ಅಂತಲೇ ಶುರು. ಅದು ಸುಳ್ಳಲ್ಲ. ಹೇಳಬೇಕಾದ್ದನ್ನು ಹೇಳಲು ಮೊದಲು ಹೊಸ್ತಿಲು ದಾಟಬೇಕಲ್ಲ, ಅದಕ್ಕೆ.

ಇಷ್ಟು ಕಥೆ. ಕಥೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದರ ಕೆಳಗಿರುವ ವಚನಗಳು.

ಆ ಹಾಡಿನ ಪಲ್ಲವಿಯ ಮಾತು ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಅಕ್ಷರಶಃ ಇದೆ, ಎರಡನೇ ಅರಸುಗಳು ನಾಲ್ಕನೇ ಅಧ್ಯಾಯ, 26ನೇ ವಚನ. ಸಂಡೇ ಸ್ಕೂಲಿಗೆ ಹೋದವರಿಗೆ ಶೂನೇಮ್ ಊರಿನ ಹೆಂಗಸಿನ ಕಥೆ ಗೊತ್ತಿರುತ್ತದೆ, ಉಳಿದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಅನುಕೂಲಸ್ಥ ಮನೆ, ಮಕ್ಕಳಿಲ್ಲ, ಗಂಡನಿಗೆ ವಯಸ್ಸಾಗಿದೆ. ಊರಿಗೆ ಬಂದುಹೋಗುವ ಪ್ರವಾದಿ ಎಲೀಷನಿಗೆ ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸಿ ಮಂಚ, ಮೇಜು, ಕುರ್ಚಿ, ದೀಪ ಇಡಿಸಿದ್ದಾಳೆ. ಅವಳೇನೂ ಕೇಳಿಲ್ಲ. ಅವನೇ, ಬರುವ ವರ್ಷ ನಿನ್ನ ಮಡಿಲಲ್ಲಿ ಮಗ ಇರುತ್ತಾನೆ ಅನ್ನುತ್ತಾನೆ. ಸುಳ್ಳು ಆಸೆ ತೋರಿಸಬೇಡ ಅನ್ನುತ್ತಾಳೆ ಅವಳು. ಮಗ ಹುಟ್ಟುತ್ತಾನೆ. ಒಂದು ದಿನ ಕೊಯ್ಲಿನ ಹೊಲದಲ್ಲಿ ತಲೆ ತಲೆ ಅಂತ ಅಳುತ್ತಾನೆ. ಎತ್ತಿಕೊಂಡು ಬಂದು ತಾಯಿಗೆ ಕೊಡುತ್ತಾರೆ. ಮಧ್ಯಾಹ್ನದ ತನಕ ತೊಡೆಯ ಮೇಲಿದ್ದು ಸಾಯುತ್ತಾನೆ.

ಅವಳು ಅಳುವುದಿಲ್ಲ. ಮಗುವನ್ನು ಮಹಡಿಗೆ ಒಯ್ದು ಪ್ರವಾದಿಯ ಮಂಚದ ಮೇಲೆ ಮಲಗಿಸಿ ಬಾಗಿಲು ಮುಚ್ಚುತ್ತಾಳೆ. ಗಂಡನನ್ನು ಕತ್ತೆ ಮತ್ತು ಆಳು ಕೇಳುತ್ತಾಳೆ. ಇವತ್ತು ಅಮಾವಾಸ್ಯೆಯ ಹಬ್ಬವೂ ಅಲ್ಲ, ಸಬ್ಬತ್ತೂ ಅಲ್ಲ, ಯಾಕೆ ಹೋಗುತ್ತೀಯ ಅಂತ ಗಂಡ. ಹೀಬ್ರೂ ಮೂಲದಲ್ಲಿ ಅವಳ ಉತ್ತರ ಒಂದೇ ಪದ. ಶಾಲೋಮ್. ಕ್ಷೇಮ. ಆಳಿಗೆ, ನಾನು ಹೇಳುವ ತನಕ ನಿಧಾನ ಮಾಡಬೇಡ ಅಂತ ಹೇಳಿ ಕರ್ಮೆಲ್ ಬೆಟ್ಟಕ್ಕೆ ಹೊರಡುತ್ತಾಳೆ. ದೂರದಿಂದ ನೋಡಿದ ಎಲೀಷ ತನ್ನ ಸೇವಕ ಗೇಹಜಿಯನ್ನು ಓಡಿಸುತ್ತಾನೆ: ನೀನು ಕ್ಷೇಮವೋ, ಗಂಡ ಕ್ಷೇಮವೋ, ಮಗು ಕ್ಷೇಮವೋ ಕೇಳು. ಅವಳು ಮತ್ತೆ ಅದೇ ಪದ. ಶಾಲೋಮ್. ಇದೇ ಆ 26ನೇ ವಚನ, ನಮ್ಮ ಹಾಡಿನ ಪಲ್ಲವಿ.

ಈಗ 27 ಓದಿ. ಬೆಟ್ಟ ಮುಟ್ಟಿದ್ದೇ ಅವಳು ಎಲೀಷನ ಕಾಲು ಹಿಡಿದುಕೊಳ್ಳುತ್ತಾಳೆ. ಗೇಹಜಿ ದೂರ ತಳ್ಳಲು ಬರುತ್ತಾನೆ. ಬಿಡು ಅವಳನ್ನು, ಅವಳ ಆತ್ಮ ಕಹಿಯಾಗಿದೆ, ದೇವರು ಅದನ್ನು ನನಗೆ ತಿಳಿಸಲಿಲ್ಲ ಅನ್ನುತ್ತಾನೆ ಎಲೀಷ. ಆತ್ಮ! ಒಂದು ವಚನದ ಹಿಂದೆ ಬಾಯಿ ಕ್ಷೇಮ ಅಂದಿದೆ, ಮರುವಚನದಲ್ಲೇ ಆತ್ಮ ಕಹಿ ಅಂತ ಪ್ರವಾದಿಯೇ ಹೇಳುತ್ತಿದ್ದಾನೆ. 28ರಲ್ಲಿ ಅವಳು ಬಾಯಿ ಬಿಡುತ್ತಾಳೆ: ಮಗ ಬೇಕು ಅಂತ ನಾನು ಕೇಳಿದ್ದೆನಾ? ಮೋಸ ಮಾಡಬೇಡ ಅಂತ ಹೇಳಿರಲಿಲ್ಲವಾ?

ನಾನು ಎಷ್ಟು ಸಲ ಈ ಹಾಡು ಹಾಡಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ 26ರಿಂದ 27ಕ್ಕೆ ಇಳಿದಿರಲಿಲ್ಲ. ಆ ಕ್ಷೇಮ ದುಃಖ ಗೆದ್ದವರ ಮಾತೇ ಅಲ್ಲ. ದಾರಿಯಲ್ಲಿ ಸಿಕ್ಕ ಗೇಹಜಿಗಳಿಗೆಲ್ಲ ಎದೆ ಬಿಚ್ಚಿ ನಿಂತರೆ ಬೆಟ್ಟ ಮುಟ್ಟುವುದಿಲ್ಲ ಅಂತ ಗೊತ್ತಿದ್ದ ಹೆಂಗಸು ಹಲ್ಲು ಕಚ್ಚಿ ಆಡಿದ ಮಾತು. ಯಾರ ಮುಂದೆ ಜಗಳ ಆಡಬೇಕೋ ಅವರ ಮುಂದೆ ಹೋಗಿ ಆಡಿದಳು. ಆ ದಿನ ಹಾಸನದ ಮನೆಯಲ್ಲಿ ನಾನು ಯಾರಾಗಿದ್ದೆ ಅಂತ ಯೋಚಿಸಿದರೆ, ಗೇಹಜಿಯೇ. ಓಡಿ ಹೋಗಿ ಕ್ಷೇಮವೋ ಅಂತ ಕೇಳಿ, ಕ್ಷೇಮ ಅಂತ ಹೇಳಿಸಿ, ವರದಿ ಒಪ್ಪಿಸಿದವನು.

ಹಾಡಿನ ಮೊದಲ ಚರಣದಲ್ಲಿ ನದಿಯಂಥ ಸಮಾಧಾನವೂ ಇದೆ, ಸಮುದ್ರದ ಅಲೆಗಳೂ ಇವೆ. ಅಲೆ ಹಡಗಿನಿಂದ ಬಂತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಯೆಶಾಯ 48ನೇ ಅಧ್ಯಾಯದ 18ನೇ ವಚನದಲ್ಲಿ ನದಿ ಮತ್ತು ಸಮುದ್ರದ ಅಲೆ ಎರಡೂ ಒಟ್ಟಿಗಿವೆ. ನೀನು ನನ್ನ ಮಾತು ಕೇಳಿದ್ದರೆ ನಿನ್ನ ಸಮಾಧಾನ ನದಿಯಂತೆ, ನಿನ್ನ ನೀತಿ ಅಲೆಗಳಂತೆ ಇರುತ್ತಿತ್ತು ಅನ್ನುವ ದೇವರ ಕೊರಗು ಅದು. ಅದರ ಮುಂದಿನ ವಚನ ಏನು ಗೊತ್ತಾ? ನಿನ್ನ ಮಕ್ಕಳು ಮರಳಿನಷ್ಟು ಇರುತ್ತಿದ್ದರು ಅಂತ. ಪ್ರೆಸ್ಬಿಟೇರಿಯನ್ ಸಭೆಯ ಹಿರಿಯನಾಗಿದ್ದ, ಬೈಬಲ್ ಅರೆದು ಕುಡಿದಿದ್ದ ಮನುಷ್ಯ. ನದಿಯಂಥ ಸಮಾಧಾನ ಅಂತ ಬರೆಯುವಾಗ ಪಕ್ಕದ ಆ ವಚನ ಕಣ್ಣಿಗೆ ಬೀಳದೇ ಇರುತ್ತದಾ? ಅದೇ ನದಿ ಯೆಶಾಯ 66:12ರಲ್ಲಿ ಮತ್ತೆ ಬರುತ್ತದೆ, ಅಲ್ಲಿ "ಕೇಳಿದ್ದರೆ" ಅನ್ನುವ ಷರತ್ತಿಲ್ಲ. 13ರಲ್ಲಿ ತಾಯಿ ಮಗುವನ್ನು ಸಂತೈಸುವಂತೆ ಸಂತೈಸುತ್ತೇನೆ ಅನ್ನುತ್ತಾನೆ ದೇವರು. ಆ ಎರಡು ನದಿಗಳಲ್ಲಿ ಯಾವುದನ್ನು ಹಾಡುತ್ತೇವೆ ಅನ್ನುವುದು ಮಕ್ಕಳನ್ನು ಕಳೆದುಕೊಂಡವರಿಗೆ ಸಣ್ಣ ವಿಷಯವಲ್ಲ.

ಯಾಕೆಂದರೆ ಸ್ಪಾಫರ್ಡ್ ದಂಪತಿಗಳಿಗೆ ಜನ ಮೊದಲನೇ ನದಿಯನ್ನೇ ತೋರಿಸಿದರು. ನಾಲ್ಕು ಮಕ್ಕಳು ಹೋದದ್ದು ಸಾಲದು ಅಂತ 1880ರಲ್ಲಿ ನಾಲ್ಕು ವರ್ಷದ ಮಗನೂ ಹೋದಾಗ, ಅವರ ಸಭೆ ಅದನ್ನು ದೇವರ ಶಿಕ್ಷೆ ಅಂತ ಕಂಡಿತು. ಕ್ಷೇಮದ ಹಾಡು ಬರೆದ ಮನುಷ್ಯನಿಗೆ! ಅವರು ಆ ಸಭೆಯನ್ನು ಬಿಟ್ಟರು. 1881ರಲ್ಲಿ ಬರ್ಥಾ ಮತ್ತು ಕೈಗೂಸು ಗ್ರೇಸಳನ್ನು ಎತ್ತಿಕೊಂಡು, ಜೊತೆಗೆ ಬಂದ ಕೆಲವರೊಂದಿಗೆ ಜೆರುಸಲೇಮಿಗೆ ಹೋದರು. ಅಲ್ಲಿ ಅವರ ಗುಂಪಿಗೆ ಅಮೆರಿಕನ್ ಕಾಲೊನಿ ಅಂತ ಹೆಸರಾಯಿತು. ವಿಚಿತ್ರ ನಂಬಿಕೆಗಳೂ ಇದ್ದವು, ಆ ಜಾಡು ಹಿಡಿದರೆ ಇನ್ನೊಂದು ದಿನ ಬೇಕು. ಹೊರೇಷಿಯೋ 1888ರಲ್ಲಿ ಅಲ್ಲೇ ಮಲೇರಿಯಾದಿಂದ ಸತ್ತ. ಆನ್ನಾ 1923ರ ತನಕ ಬದುಕಿದಳು. ಒಂದನೇ ಮಹಾಯುದ್ಧದ ಹಸಿವಿನ ಕಾಲದಲ್ಲಿ ಆ ಕಾಲೊನಿಯವರು ಊರಿನ ಜನಕ್ಕೆ ಗಂಜಿ ಕೇಂದ್ರ ನಡೆಸಿದರು, ಜಾತಿ ಮತ ನೋಡದೆ. ಆಮೇಲೆ ಬರ್ಥಾ ತಾಯಿಯ ಹೆಸರಿನಲ್ಲಿ ಕೂಸುಗಳ ಆರೈಕೆಗೆ ಮನೆ ತೆರೆದಳು. 'ನಾನೇನು ಮಾಡಲಿ' ಅಂತ ತಂತಿ ಕೊಟ್ಟವಳು ಐವತ್ತು ವರ್ಷ ಏನಾದರೂ ಮಾಡುತ್ತಲೇ ಇದ್ದಳು. ಇದನ್ನು ನಾವು ಯಾವ ಹಾಡಿಗೂ ಮುನ್ನ ಹೇಳುವುದಿಲ್ಲ.

ರಾಗದ ಮಾತು ಬಿಟ್ಟುಬಿಡಬಾರದು. ರಾಗ ಹಾಕಿದ ಫಿಲಿಪ್ ಬ್ಲಿಸ್ ಅದಕ್ಕೆ ಮುಳುಗಿದ ಹಡಗಿನ ಹೆಸರನ್ನೇ ಇಟ್ಟ. ಹಾಡು ಅಚ್ಚಾದ 1876ರಲ್ಲೇ, ಡಿಸೆಂಬರ್ 29ರಂದು, ಒಹಾಯೋದ ಆಷ್ಟಬ್ಯುಲಾದಲ್ಲಿ ಸೇತುವೆ ಮುರಿದು ರೈಲು ಕಮರಿಗೆ ಬಿತ್ತು. ಬ್ಲಿಸ್ ಮತ್ತು ಅವನ ಹೆಂಡತಿ ಅದರಲ್ಲಿ ತೀರಿಕೊಂಡರು. ಅವನಿಗಿನ್ನೂ 38.

ಬೇರೆ ಹಾಡುಗಳ ಬುಡವನ್ನೂ ಆಮೇಲೆ ಒಂದೊಂದಾಗಿ ನೋಡತೊಡಗಿದೆ, ಅಭ್ಯಾಸವಾಗಿಬಿಟ್ಟಿತು. 'ಗ್ರೇಟ್ ಈಸ್ ದೈ ಫೇತ್‌ಫುಲ್‌ನೆಸ್' ಬರೆದ ಥಾಮಸ್ ಚಿಸಮ್‌ಗೆ ಹೇಳಿಕೊಳ್ಳುವಂಥ ಕಥೆಯೇ ಇಲ್ಲ. ಆರೋಗ್ಯ ಸರಿಯಿಲ್ಲದ, ಇನ್ಶೂರೆನ್ಸ್ ಮಾರುತ್ತಿದ್ದ ಸಾಧಾರಣ ಮನುಷ್ಯ. ಆದರೆ ಅದರ ವಚನ ಬರುವುದು ಪ್ರಲಾಪಗಳು ಮೂರನೇ ಅಧ್ಯಾಯದಲ್ಲಿ, ಊರೆಲ್ಲ ಸುಟ್ಟು ಬೂದಿಯಾದ ಮೇಲಿನ ಗೋಳಾಟದ ನಟ್ಟನಡುವೆ. ಆ ಎರಡು ವಚನ ಇರುವ ಪುಸ್ತಕದ ತುಂಬ ಕಣ್ಣೀರು. ಗಾಂಧೀಜಿಗೆ ಪ್ರಿಯವಾಗಿದ್ದ 'ಅಬೈಡ್ ವಿತ್ ಮಿ' ಗೊತ್ತಲ್ಲ, 2022ರಲ್ಲಿ ಕೈಬಿಡುವ ತನಕ ದೆಹಲಿಯ ಬೀಟಿಂಗ್ ರಿಟ್ರೀಟಿನಲ್ಲಿ ಬಾರಿಸುತ್ತಿದ್ದರು. ಅದರ ಬುಡ ಲೂಕ 24ರಲ್ಲಿ. ಎಮ್ಮಾಹು ದಾರಿಯಲ್ಲಿ ಇಬ್ಬರು ತಮ್ಮ ಗುರು ಸತ್ತನೆಂದು ಗೋಳಾಡುತ್ತಾ, ಜೊತೆಗೆ ಬಂದ ಅಪರಿಚಿತನಿಗೆ ಸಂಜೆಯಾಯಿತು ಉಳಿದುಕೋ ಅನ್ನುತ್ತಾರೆ. ಅವನೇ ಇವನು ಅಂತ ಅವರಿಗಿನ್ನೂ ಗೊತ್ತಿಲ್ಲ. ಅಂದರೆ ಅದು ಮೊದಲು ದುಃಖದಲ್ಲಿದ್ದವರು ಯಾರಿಗೋ ಹೇಳಿದ ಊಟ-ವಸತಿಯ ಮಾತು, ಪ್ರಾರ್ಥನೆಯಾದದ್ದು ಆಮೇಲೆ.

ಕಳೆದ ತಿಂಗಳು ಹಾಸನಕ್ಕೆ ಹೋಗಿದ್ದೆ. ಎರಡು ವರ್ಷ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಫೋನಿನಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ಊಟಕ್ಕೆ ಮೊದಲು, ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಹೇಳಿದೆ.

"ಅವತ್ತು ಕೇಳಿದ್ರಲ್ಲ ಚಿಕ್ಕಮ್ಮ, ಅವನ ಹೆಂಡ್ತಿ ಏನಂದ್ಲು ಅಂತ. ನಾನೇನು ಮಾಡ್ಲಿ ಅಂತ ತಂತಿ ಕೊಟ್ಟಿದ್ಲಂತೆ."

ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಮತ್ತೆ? ಇನ್ನೇನಂತಾಳೆ."

ನಾನು ಅವರ ಬೈಬಲ್ ತೆಗೆದು ಎರಡನೇ ಅರಸುಗಳು ನಾಲ್ಕನ್ನು ಓದಿದೆ. ಮಹಡಿಯ ಕೋಣೆ, ಹೊಲ, ತೊಡೆ, ಮುಚ್ಚಿದ ಬಾಗಿಲು, ಕತ್ತೆ. ಅವರ ಕೈ ನಿಧಾನವಾಯಿತು. ಕಾಲು ಹಿಡಿದುಕೊಂಡದ್ದು, ಗೇಹಜಿ ತಳ್ಳಲು ಬಂದದ್ದು, ಬಿಡು ಅವಳನ್ನು ಅಂದದ್ದು, ಕೇಳಿದ್ದೆನಾ ಅಂತ ಅವಳು ಕೇಳಿದ್ದು.

"ಅಲ್ಲಿಗೆ ನಿಲ್ಸು," ಅಂದರು.

ನಿಲ್ಲಿಸಿದೆ.

"ಆಮೇಲೆ ಅವಳ ಮಗ ಎದ್ದ, ನಂಗೊತ್ತು. ಅದನ್ನ ಇವತ್ತು ಓದ್ಬೇಡ."

ಬೈಬಲನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಜಿನ ಮೇಲಿದ್ದ ಕರೆಂಟ್ ಬಿಲ್ಲನ್ನು ಮಡಚಿ ಆ ಪುಟಕ್ಕೆ ಇಟ್ಟು ಮುಚ್ಚಿದರು. ಆಮೇಲೆ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. "ಸಾರಿಗೆ ಖಾರ ಎಷ್ಟು ಹಾಕ್ಲೋ?" ಅಂತ ಅಲ್ಲಿಂದಲೇ ಕೂಗಿ ಕೇಳಿದರು.